ಹಾಡು ತಂಡದ್ದು, ಸಹಿ ನನ್ನದು: ಡಿಜಿಟಲ್ ಕರಾರಿನಲ್ಲಿ ನಾವು ಸಿಕ್ಕಿಬಿದ್ದ ಬಗೆ

ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಭಜನಾ ತಂಡದವರು, ತತ್ವಪದ ಮತ್ತು ಮೊಹರಂ ಪದ ಹಾಡುವವರು, ಅವರ ಹಾಡುಗಳನ್ನು ಯೂಟ್ಯೂಬಿಗೆ ಹಾಕಿಕೊಡುವ ನನ್ನಂಥವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. "ನಿಮ್ಮ ಹಾಡುಗಳನ್ನು ಎಲ್ಲ ಆ್ಯಪ್‌ಗಳಲ್ಲೂ ಬಿಡುಗಡೆ ಮಾಡಿಸುತ್ತೇವೆ" ಎಂದು ಫೋನ್ ಮಾಡಿದ ಒಬ್ಬರ ಆರು ಪುಟದ ಕರಾರಿಗೆ 2022ರ ನವೆಂಬರಿನಲ್ಲಿ ನಾನು ಓದದೆ ಸಹಿ ಹಾಕಿದೆ. ಎರಡೇ ತಿಂಗಳಲ್ಲಿ ನಮ್ಮ ಹಾಡುಗಳನ್ನು ನಮ್ಮದೇ ಚಾನೆಲ್‌ನಲ್ಲಿ ಇಟ್ಟುಕೊಂಡಿದ್ದಕ್ಕೆ ನಾವೇ ತಪ್ಪಿತಸ್ಥರಾದೆವು.

ತಂಡವು ಜೇವರ್ಗಿ ತಾಲ್ಲೂಕಿನ ನನ್ನೂರಿನದು. ಐದು ಜನ, ಒಂದು ಏಕತಾರಿ, ಒಂದು ದಮ್ಮಡಿ, ಎರಡು ಜೊತೆ ತಾಳ. ಮುಂದೆ ನಿಂತು ಹಾಡುವ ಅಜ್ಜನವರಿಗೆ ಎಪ್ಪತ್ತು ದಾಟಿದೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳೂ ಅವರ ಪರಂಪರೆಯ ಇತರರ ಪದಗಳೂ ಅವರಿಗೆ ಬಾಯಿಪಾಠವೇ ಹೊರತು ಪುಸ್ತಕ ಹಿಡಿದು ಹಾಡಿದ್ದನ್ನು ನಾನು ನೋಡಿಲ್ಲ. ಕಲಬುರಗಿಯಲ್ಲಿ ಅಧ್ಯಾಪಕನಾಗಿರುವ ನಾನು 2019ರಲ್ಲಿ ಅವರಿಗಾಗಿ ಚಾನೆಲ್ ತೆರೆದೆ. 2021ರಲ್ಲಿ ಐವರೂ ಸೇರಿ 18,000 ರೂಪಾಯಿ ಕೂಡಿಸಿ, ಬಾಡಿಗೆ ಸ್ಟುಡಿಯೊ ಒಂದರಲ್ಲಿ ಎರಡು ದಿನ ಕುಳಿತು ಹನ್ನೆರಡು ಪದಗಳನ್ನು ರೆಕಾರ್ಡ್ ಮಾಡಿಸಿದರು. ಹನ್ನೊಂದು ಹಳೆಯವು, ಒಂದು ಮಾತ್ರ ನಮ್ಮೂರಿನಲ್ಲಿ ಈಗಲೂ ಇರುವ ಕವಿಯೊಬ್ಬರು ಬರೆದದ್ದು. ಈ ವಿವರಗಳು ಮುಂದೆ ವಕೀಲರ ಮುಂದೆ ಎಷ್ಟು ಬೆಲೆಬಾಳುತ್ತವೆಂದು ಆಗ ನನಗೆ ಗೊತ್ತಿರಲಿಲ್ಲ.

ಅಂತರ್ಜಾಲವು ನಮ್ಮ ಕೇಳುಗರನ್ನು ಹೇಗೆ ಬದಲಿಸಿತೆಂಬುದನ್ನೂ ಹೇಳಬೇಕು, ಏಕೆಂದರೆ ನಾನು ಮೋಸಹೋದದ್ದು ಆ ಸಂಭ್ರಮದಲ್ಲಿಯೇ. ಅಮಾವಾಸ್ಯೆಯ ರಾತ್ರಿ ಮಠದ ಕಟ್ಟೆಯ ಮೇಲೆ ಹಾಡಿದರೆ ಎದುರಿಗೆ ಕುಳಿತವರು ನೂರೋ ನೂರೈವತ್ತೋ ಜನ; ಇಷ್ಟವಾದ ಪದಕ್ಕೆ ಹತ್ತರ ನೋಟು ಇಟ್ಟು "ಇನ್ನೊಮ್ಮೆ ಆಗ್ಲಿ" ಎನ್ನುವುದೇ ಅವರ ಮೆಚ್ಚುಗೆ. ಚಾನೆಲ್ ತೆರೆದ ಮೇಲೆ, ನಮ್ಮ ಭಾಗದಿಂದ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋದವರು ಕೇಳುಗರಾದರು. ಅಂಕಿಅಂಶದ ಪುಟದಲ್ಲಿ ಕಲಬುರಗಿಗಿಂತ ಪುಣೆಯ ಹೆಸರು ಮೇಲಿರುತ್ತಿತ್ತು. ಒಂದು ಪದದ ಕೆಳಗೆ ಪುಣೆಯ ಕಟ್ಟಡ ಕೆಲಸದವರೊಬ್ಬರು "ನಮ್ಮಪ್ಪ ಹೊಲದಾಗ ಇದೇ ಪದ ಹಾಡ್ತಿದ್ದ, ಊರಿಗ ಬಂದಂಗಾತು" ಎಂದು ಬರೆದಿದ್ದರು. ಅದನ್ನು ಓದಿ ಹೇಳಿದಾಗ ಅಜ್ಜನವರು ಬಹಳ ಹೊತ್ತು ಮಾತಾಡಲಿಲ್ಲ. ಅದೊಂದೇ ವಿಡಿಯೊದ ಕೆಳಗೆ ಆರುನೂರಕ್ಕೂ ಹೆಚ್ಚು ಪ್ರತಿಕ್ರಿಯೆಗಳಿದ್ದವು.

ಕರಾರಿಗೆ ಸಹಿ ಬಿದ್ದದ್ದು ಸೂಪರ್ ಮಾರ್ಕೆಟ್ ಬಳಿಯ ಚಹಾದಂಗಡಿಯಲ್ಲಿ. ಕಂಪನಿಯ ಪರವಾಗಿ ಬಂದವರು ಸ್ವಚ್ಛ ಕನ್ನಡ ಮಾತಾಡುತ್ತಿದ್ದರು, ಆದರೆ ಅವರು ತಂದ ಕಾಗದ ಇಂಗ್ಲಿಷಿನಲ್ಲಿತ್ತು. ನೂರು ರೂಪಾಯಿಯ ಇ-ಸ್ಟಾಂಪ್ ಮೇಲೆ ಮೊದಲ ಪುಟ, ಹಿಂದೆ ಒತ್ತೊತ್ತಾಗಿ ಅಚ್ಚಾದ ಐದು ಪುಟ. ಹನ್ನೆರಡು ಹಾಡಿಗೆ 11,000 ರೂಪಾಯಿ ಮುಂಗಡ, ಮುಂದೆ ಗಳಿಕೆಯಲ್ಲಿ ಪಾಲು ಎಂದರು. ನಾನು ಸ್ವಲ್ಪ ಹಿಂದೆಮುಂದೆ ನೋಡಿದಾಗ, "ನೀವು ಕೊಡದಿದ್ದರೂ ರೇಡಿಯೊದವರಂತೆ ಆ್ಯಪ್‌ನವರು ಸರ್ಕಾರಿ ದರ ಕಟ್ಟಿ ನಿಮ್ಮ ಹಾಡನ್ನು ಬಳಸಬಹುದು, ಈಗಲೇ ದುಡ್ಡು ಮಾಡಿಕೊಳ್ಳಿ" ಎಂದು ಹೆದರಿಸಿದರು. ಅದು ಸುಳ್ಳು. ಕೃತಿಸ್ವಾಮ್ಯ ಕಾಯ್ದೆಯ 31ಡಿ ಕಲಮಿನ ಶಾಸನಬದ್ಧ ಪರವಾನಗಿ ಬೇಡಿಕೆಯ ಮೇರೆಗೆ ಹಾಡು ಕೇಳಿಸುವ ಅಂತರ್ಜಾಲ ಸೇವೆಗಳಿಗೆ ಅನ್ವಯಿಸುವುದಿಲ್ಲವೆಂದು ಬಾಂಬೆ ಹೈಕೋರ್ಟ್ 2019ರಲ್ಲಿಯೇ ಹೇಳಿದೆ. ಅದನ್ನು ತಿಳಿಯದ ನಾನು ಚಹಾ ಆರುವುದರೊಳಗೆ ಆರು ಕಡೆ ಸಹಿ ಹಾಕಿ, ಮೂಲ ಧ್ವನಿ ಕಡತಗಳಿದ್ದ ಪೆನ್‌ಡ್ರೈವನ್ನೂ ಕೊಟ್ಟು ಬಂದೆ. ತಂಡದವರು ಯಾರೂ ಅಲ್ಲಿರಲಿಲ್ಲ.

ಜನವರಿಯಲ್ಲಿ ಒಂದೇ ಬೆಳಿಗ್ಗೆ ಹನ್ನೆರಡು ಇಮೇಲ್‌ಗಳು ಬಂದವು. ನಮ್ಮ ಹಳೆಯ ಹನ್ನೆರಡು ವಿಡಿಯೊಗಳಲ್ಲಿ ಬೇರೊಬ್ಬರ ಹಕ್ಕಿನ ಧ್ವನಿ ಇದೆ, ಇನ್ನು ಮುಂದೆ ಅವುಗಳ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ ಎಂಬುದು ಅವುಗಳ ಸಾರ. ಹಕ್ಕುದಾರರೆಂದರೆ ಆ ಕಂಪನಿ. ಊರಿಗೆ ಹೋಗಿ ವಿಷಯ ತಿಳಿಸಿದಾಗ ಅಜ್ಜನವರು ಕೇಳಿದ್ದು ಒಂದೇ ಮಾತು: "ನಾ ಹಾಡಿದ್ದು ನಂದಲ್ಲಂದ್ರ ಮತ್ತ ಯಾರ್ದದ ತಮ್ಮಾ?"

ಇದು ಹೇಗಾಯಿತೆಂದರೆ, ಯೂಟ್ಯೂಬಿನಲ್ಲಿ 2007ರಿಂದ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಇದೆ. ಹಕ್ಕುದಾರರು ಒಪ್ಪಿಸಿದ ಧ್ವನಿಯ ಗುರುತನ್ನು ಅದು ಇಟ್ಟುಕೊಂಡು, ಬೇರೆ ವಿಡಿಯೊಗಳೊಂದಿಗೆ ತಾನಾಗಿಯೇ ತಾಳೆ ನೋಡುತ್ತದೆ. ಯಾರು ಮೊದಲು ಹಾಡಿದರು, ಸ್ಟುಡಿಯೊ ಬಾಡಿಗೆ ಯಾರು ಕಟ್ಟಿದರು ಎಂಬುದು ಯಂತ್ರಕ್ಕೆ ತಿಳಿಯದು; ಗುರುತನ್ನು ಯಾರು ಒಪ್ಪಿಸಿದ್ದಾರೆ ಎಂಬುದಷ್ಟೇ ಅದಕ್ಕೆ ಗೊತ್ತು. ನಾನು ಕೊಟ್ಟ ಪೆನ್‌ಡ್ರೈವಿನಿಂದಲೇ ಆ ಗುರುತು ಹೋಗಿತ್ತು. ಇದಕ್ಕಿಂತ ಕೆಟ್ಟದ್ದು ನಂತರ ನಡೆಯಿತು: ಜಾತ್ರೆಯಲ್ಲಿ ತಂಡ ಹಾಡುವುದನ್ನು ಮೊಬೈಲಿನಲ್ಲಿ ಹಿಡಿದು ಹಾಕಿದ ಊರಿನ ಹುಡುಗನ ವಿಡಿಯೊಕ್ಕೂ, ಧಾಟಿ ಹೊಂದುತ್ತದೆಂಬ ಕಾರಣಕ್ಕೆ, ಅದೇ ಕಂಪನಿಯ ಕ್ಲೇಮ್, ಅಂದರೆ ಇದು ತಮ್ಮದೆಂಬ ಹಕ್ಕಿನ ದಾವೆ, ಬಂತು. ಆ ಧಾಟಿ ಅಜ್ಜನವರ ಗುರುಗಳಿಂದ ಬಂದದ್ದು. ಎಲ್ಲರಿಗೂ ಸೇರಿದ ಹಳೆಯ ಪದ ಮತ್ತು ಧಾಟಿಗಳ ಮೇಲೆ ಯಾರೂ ಹಕ್ಕು ಸಾಧಿಸುವಂತಿಲ್ಲ. ಹಕ್ಕಿರುವುದು ಆ ಒಂದು ರೆಕಾರ್ಡಿಂಗಿನ ಮೇಲೆ ಮಾತ್ರ. ಈ ವ್ಯತ್ಯಾಸವನ್ನು ಬರೆದು ಆಕ್ಷೇಪ ಸಲ್ಲಿಸಿದ ಮೇಲೆ ಹುಡುಗನ ವಿಡಿಯೊ ಬಿಡುಗಡೆಯಾಯಿತು.

ನಮ್ಮ ವಿಡಿಯೊಗಳ ವಿಷಯದಲ್ಲಿ ನಾನು ಅಷ್ಟು ಸಮಾಧಾನದಿಂದ ನಡೆದುಕೊಳ್ಳಲಿಲ್ಲ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ ಎಂಬುದು ನನಗೆ ತಿಳಿದಿರಲಿಲ್ಲ. ಕ್ಲೇಮ್‌ನಿಂದ ಹಣ ಹೋಗುತ್ತದೆ, ಚಾನೆಲ್‌ಗೆ ಅಪಾಯವಿಲ್ಲ. ಆಕ್ಷೇಪ ಸಲ್ಲಿಸಿದರೆ ಎದುರಿನವರಿಗೆ ಉತ್ತರಿಸಲು 30 ದಿನಗಳ ಅವಕಾಶವಿದೆ. ಅವರು ಒಪ್ಪದಿದ್ದರೆ ನಾವು ಮೇಲ್ಮನವಿ ಸಲ್ಲಿಸಬಹುದು. ಆದರೆ ಮೇಲ್ಮನವಿಯ ನಂತರವೂ ಅವರು ಪಟ್ಟು ಹಿಡಿದರೆ ವಿಡಿಯೊವನ್ನೇ ತೆಗೆಸಲು ಕೋರಬೇಕಾಗುತ್ತದೆ, ಆಗ ಚಾನೆಲ್ ಮೇಲೆ ಸ್ಟ್ರೈಕ್, ಅಂದರೆ ಹಕ್ಕು ಉಲ್ಲಂಘನೆಯ ಎಚ್ಚರಿಕೆ, ಬೀಳುತ್ತದೆ. 90 ದಿನಗಳೊಳಗೆ ಅಂಥ ಮೂರು ಬಿದ್ದರೆ ಚಾನೆಲ್ ಮುಚ್ಚಿಹೋಗಬಹುದು. ಕೈಯಲ್ಲಿ ಯಾವ ಕಾಗದವಿದೆ, ಅದರಲ್ಲಿ ಏನು ಬರೆದಿದೆ ಎಂಬುದನ್ನು ನೋಡದೆ ನಾನು ಸಿಟ್ಟಿನಲ್ಲಿ ಮೇಲ್ಮನವಿ ಸಲ್ಲಿಸಿದ್ದು ಎಲ್ಲಕ್ಕಿಂತ ಜನಪ್ರಿಯವಾದ, ಆರುನೂರು ಪ್ರತಿಕ್ರಿಯೆಗಳಿದ್ದ ವಿಡಿಯೊದ ಮೇಲೆ. ಸ್ಟ್ರೈಕ್ ಬಂತು. ವಿಡಿಯೊ ತೆಗೆಸಿದ್ದನ್ನು ಪ್ರಶ್ನಿಸಿ ಎದುರು ನೋಟಿಸ್ (ಕೌಂಟರ್ ನೋಟಿಸ್) ಕೊಡುವ ದಾರಿ ಇತ್ತು, ಆದರೆ ಅದರಲ್ಲಿದ್ದ ಕೋರ್ಟು ಎಂಬ ಪದ ಕಂಡು ಹೆದರಿದೆ. ತೆಗೆದುಬಿಟ್ಟರೆ ಸ್ಟ್ರೈಕ್ ಹೋಗಬಹುದೆಂದುಕೊಂಡು ಆ ವಿಡಿಯೊವನ್ನು ನನ್ನ ಕೈಯಿಂದಲೇ ಅಳಿಸಿದೆ. ಅಳಿಸುವುದರಿಂದ ಸ್ಟ್ರೈಕ್ ಹೋಗುವುದಿಲ್ಲ. ಪ್ರತಿಕ್ರಿಯೆಗಳು ಮಾತ್ರ ಶಾಶ್ವತವಾಗಿ ಹೋದವು.

ಆಮೇಲೆ ಇಲ್ಲಿಯ ನ್ಯಾಯಾಲಯದಲ್ಲಿ ವಕೀಲಿ ಮಾಡುವ ಪರಿಚಿತರೊಬ್ಬರ ಮುಂದೆ ಆ ಆರು ಪುಟಗಳನ್ನು ಇಟ್ಟೆ. ಅವರು ಪೆನ್ಸಿಲ್ ತೆಗೆದುಕೊಂಡು ಮೂರು ಪದಗಳಿಗೆ ಸುತ್ತು ಹಾಕಿದರು. ಒಂದನೆಯದು 'ಎಕ್ಸ್‌ಕ್ಲೂಸಿವ್', ಅಂದರೆ ಕೊಟ್ಟವರೂ ಮತ್ತೆ ಬಳಸುವಂತಿಲ್ಲ. ಎರಡನೆಯದು 'ಪರ್ಪೆಚುಯಲ್', ಕೊನೆಯಿಲ್ಲದ ಅವಧಿ. ಮೂರನೆಯದನ್ನು ಓದಿ ಅವರು ನಕ್ಕರು: ಹಕ್ಕು ಭೂಮಿಗಷ್ಟೇ ಅಲ್ಲ, ಸಮಸ್ತ ವಿಶ್ವಕ್ಕೆ ಅನ್ವಯಿಸುತ್ತದೆಂದು ಬರೆದಿತ್ತು. ಮುಂಗಡದ 11,000 ರೂಪಾಯಿ ಕೂಡ ದಾನವಾಗಿರಲಿಲ್ಲ. ನಮ್ಮ ಪಾಲಿನಿಂದ ಅದು ಪೂರ್ತಿ ಮುರಿದುಕೊಳ್ಳುವವರೆಗೆ ನಮಗೆ ಒಂದು ಪೈಸೆಯೂ ಬರುವಂತಿರಲಿಲ್ಲ. ಮೊದಲ ವರ್ಷದ ಲೆಕ್ಕದಲ್ಲಿ ನಮ್ಮ ಪಾಲು 640 ರೂಪಾಯಿ ಎಂದು ತೋರಿಸಿದರು. ಆ ಲೆಕ್ಕದಲ್ಲಿ ಮುಂಗಡ ತೀರಲು ಹದಿನೇಳು ವರ್ಷಕ್ಕೂ ಹೆಚ್ಚು ಬೇಕು.

ಕಾನೂನಿನಲ್ಲಿ ನಮ್ಮ ಕಡೆಗಿರುವ ಕೆಲವು ಸಂಗತಿಗಳನ್ನು ಅವರಿಂದಲೇ ಕಲಿತೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು ಮತ್ತು ಅದರಲ್ಲಿ ಕೃತಿ, ಹಕ್ಕು, ಅವಧಿ, ಪ್ರದೇಶಗಳನ್ನು ಹೇಳಬೇಕು. ಅವಧಿಯನ್ನು ಹೇಳದೆ ಬಿಟ್ಟಿದ್ದರೆ ಐದು ವರ್ಷವೆಂದೂ ಪ್ರದೇಶವನ್ನು ಹೇಳದೆ ಬಿಟ್ಟಿದ್ದರೆ ಭಾರತವೆಂದೂ ತಿಳಿಯಬೇಕು. ಹಾಗಾಗಿಯೇ ಕಂಪನಿಯವರು ಎರಡನ್ನೂ ಬಿಡದೆ ಬರೆದುಕೊಳ್ಳುತ್ತಾರೆ. ರೆಕಾರ್ಡಿಂಗಿನ ಮೊದಲ ಹಕ್ಕುದಾರರು ಅದನ್ನು ಮುಂದೆ ನಿಂತು, ಜವಾಬ್ದಾರಿ ಹೊತ್ತು ಮಾಡಿಸಿದ ನಿರ್ಮಾಪಕರು. ನಮ್ಮಲ್ಲಿ ಅದು ದುಡ್ಡು ಕೂಡಿಸಿದ ಐವರೇ ಹೊರತು ನಾನಲ್ಲ, ಮತ್ತು ಅವರ ಪರವಾಗಿ ಸಹಿ ಮಾಡಲು ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಹಾಡುಗಾರರಿಗೆ ತಮ್ಮ ಹಾಡಿಕೆಯ ಮೇಲೆ ಪ್ರತ್ಯೇಕ ಹಕ್ಕೂ ಇದೆ. ಇನ್ನು ನಮ್ಮೂರ ಕವಿಯ ಪದವಂತೂ ಅವರ ಸ್ವಂತದ್ದು; 2012ರ ತಿದ್ದುಪಡಿಯ ನಂತರ ಸಾಹಿತ್ಯ ಮತ್ತು ಸಂಗೀತ ರಚನಕಾರರು ತಮ್ಮ ರಾಯಧನದ ಸಮಪಾಲನ್ನು ಕಂಪನಿಗೆ ಬಿಟ್ಟುಕೊಡುತ್ತೇವೆಂದು ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ಅವರನ್ನು ನಾನು ಕೇಳಿಯೇ ಇರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ಒಂದು ಹಾಡಿನ ಮಟ್ಟಿಗೆ ಕಂಪನಿ ನಮಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡಿದ್ದೆ.

ಇನ್ನೊಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಬಿಡುಗಡೆಯಾದ ಹೊಸದರಲ್ಲಿ ಕೇಳುಗರನ್ನು ಹೆಚ್ಚಿಸಿಕೊಡುತ್ತೇವೆಂದು ಅದೇ ಮಧ್ಯವರ್ತಿ 6,000 ರೂಪಾಯಿ ಕೇಳಿದರು, ಕೊಟ್ಟೆ. ಮೂರು ದಿನಗಳಲ್ಲಿ ಒಂದು ಪದ 30,000 ಸಲ ಕೇಳಿಸಿಕೊಂಡಿತು. ಪುಣೆಯೂ ಇಲ್ಲ, ಹೈದರಾಬಾದೂ ಇಲ್ಲ; ಕನ್ನಡದ ಗಂಧವೇ ಇಲ್ಲದ ವಿದೇಶದ ಒಂದೇ ಊರಿನಿಂದ ಅಷ್ಟೂ ಬಂದಿತ್ತು. ಒಬ್ಬರಾದರೂ ಒಂದು ಸಾಲು ಬರೆದಿರಲಿಲ್ಲ. ಮುಂದಿನ ತಿಂಗಳು ಆ ಆ್ಯಪ್‌ನವರು ಕೃತಕ ಕೇಳುವಿಕೆ ಎಂದು ಹಾಡನ್ನೇ ತೆಗೆದುಹಾಕಿದರು. ಸರಿಯಾಗಿಯೇ ಮಾಡಿದರು. ನಿಜವಾದ ಕೇಳುಗರ ಲೆಕ್ಕವೂ ಬಿಗಿಯಾಗುತ್ತಿದೆ: ಸ್ಪಾಟಿಫೈನಲ್ಲಿ 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗಿನ ಹಣವೇ ಬರುವುದಿಲ್ಲ. ನಮ್ಮ ಹನ್ನೆರಡರಲ್ಲಿ ಏಳು ಪದಗಳು ಆ ಗೆರೆಯ ಕೆಳಗಿವೆ. ತತ್ವಪದದಂಥ ನಿಧಾನದ ಹಾಡಿಗೆ ಆ್ಯಪ್‌ನಿಂದ ಸಂಸಾರ ನಡೆಯುತ್ತದೆಂದು ಯಾರಾದರೂ ಹೇಳಿದರೆ, ಅವರು ಮಾರಲು ಬಂದದ್ದು ಬೇರೇನನ್ನೋ ಎಂದು ನಾನು ಈಗ ತಿಳಿಯುತ್ತೇನೆ.

ಐವರ ಹೆಸರಿನಲ್ಲಿ ವಕೀಲರ ನೋಟಿಸ್ ಹೋಯಿತು. ಸ್ಟುಡಿಯೊದ ರಸೀದಿ ಅಜ್ಜನವರ ಟ್ರಂಕಿನಲ್ಲಿ, ತಾಳದ ಜೊತೆ ಸುತ್ತಿಟ್ಟಿದ್ದ ಬಟ್ಟೆಯಲ್ಲಿ ಸಿಕ್ಕಿತು. ಅದೇ ನಮ್ಮನ್ನು ಉಳಿಸಿತು. ಕಂಪನಿಯವರು ಕೊನೆಗೆ ರಾಜಿಗೆ ಬಂದರು. ನಮ್ಮ ಚಾನೆಲ್‌ನ ಮೇಲಿನ ಕ್ಲೇಮ್‌ಗಳನ್ನೂ ಸ್ಟ್ರೈಕನ್ನೂ ಹಿಂತೆಗೆದುಕೊಂಡರು, ಕವಿಯ ಪದವನ್ನು ಆ್ಯಪ್‌ಗಳಿಂದ ಇಳಿಸಿದರು, ಉಳಿದ ಹನ್ನೊಂದರ ಅವಧಿಯನ್ನು 2027ರ ನವೆಂಬರಿಗೆ ಮುಗಿಸಲು ಒಪ್ಪಿದರು. ಅಲ್ಲಿಯವರೆಗೆ ಮ್ಯೂಸಿಕ್ ಆ್ಯಪ್‌ಗಳಲ್ಲಿ ಅವು ಅವರ ಹೆಸರಿನಲ್ಲೇ ಇರುತ್ತವೆ.

ನೀವು ಇಂಥ ಮಾತುಕತೆಯಲ್ಲಿದ್ದರೆ, ಕರಾರನ್ನು ಕನ್ನಡಕ್ಕೆ ಮಾಡಿಸಿ ಹಾಡುವವರ ಮುಂದೆ ಓದಿಸದೆ ಸಹಿ ಹಾಕಬೇಡಿ, ಸ್ಟುಡಿಯೊ ರಸೀದಿಯಿಂದ ಹಿಡಿದು ಪ್ರತಿ ಕಾಗದವನ್ನೂ ತಂಡದ ಹೆಸರಿನಲ್ಲಿ ಇಟ್ಟುಕೊಳ್ಳಿ, ಹಕ್ಕನ್ನು ಕೊಡದೆ ಬರೀ ವಿತರಣೆಗೆ, ಅದೂ ಒಂದೆರಡು ವರ್ಷಕ್ಕೆ, ಪರವಾನಗಿ ಕೊಡಲು ಬರುತ್ತದೆಯೇ ಎಂದು ಮೊದಲು ಕೇಳಿ, ಮತ್ತು ಕಂಟೆಂಟ್ ಐಡಿಗೆ ಒಪ್ಪಿಸುವುದಾದರೆ ನಿಮ್ಮ ಚಾನೆಲ್ ಅದರಿಂದ ಹೊರಗಿರಬೇಕೆಂದು ಬರೆಸಿಕೊಳ್ಳಿ. ನಮ್ಮ ತಂಡದ ಹೊಸ ಒಪ್ಪಂದ ಒಂದೇ ಪುಟದ್ದು, ಕನ್ನಡದಲ್ಲಿದೆ, ಅದರಲ್ಲಿ ಆರು ಸಹಿಗಳಿವೆ, ಆರನೆಯದು ಕವಿಯದು.

ಅಳಿಸಿಹೋದ ಆ ಪದವನ್ನು ಕಳೆದ ಅಮಾವಾಸ್ಯೆಗೆ ಮತ್ತೆ ಹಾಡಿಸಿ, ಹೊಸದಾಗಿ ಹಿಡಿದು ಚಾನೆಲ್‌ಗೆ ಹಾಕಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಅದರ ಕೆಳಗೆ ಹದಿನಾಲ್ಕು ಪ್ರತಿಕ್ರಿಯೆಗಳಿವೆ. ಪುಣೆಯ ಆ ಕಟ್ಟಡ ಕೆಲಸದವರು ಇನ್ನೂ ಬಂದಿಲ್ಲ. ಅವರ ಹೆಸರನ್ನು ನಾನು ಬರೆದಿಟ್ಟುಕೊಂಡಿರಲಿಲ್ಲ.