ಫಾಗ್ ಲೈಟ್ ಹಾಕಿಸುವವರೇ, ದುಡ್ಡು ಕೊಡುವ ಮೊದಲು ರಿಲೇ ಕಿತ್ತು ನೋಡಿ

ಪಿಕಪ್‌ಗೆ ಎಕ್ಸ್‌ಟ್ರಾ ಲೈಟ್ ಹಾಕಿಸಬೇಕು ಅಂತ ಇರುವವರು ಇದನ್ನು ಓದಿ. ಅದರಲ್ಲೂ ಚಾರ್ಮಾಡಿ, ಶಿರಾಡಿ ಕಡೆ ರಾತ್ರಿ ಲೋಡ್ ಹೊಡೆಯುವವರು ಓದಲೇಬೇಕು. ಅಂಗಡಿ ಹೆಸರು ಈಗ ಬರೆಯುವುದಿಲ್ಲ. ಅವರು ಮಾಡಿದ್ದನ್ನು ಮಾತ್ರ ಒಂದೂ ಬಿಡದೆ ಬರೆಯುತ್ತೇನೆ.

ನನ್ನದು ತರಕಾರಿ ಗಾಡಿ. ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿದ ಮೇಲೆ ಮಂಜು ಹೇಗಿರುತ್ತದೆ ಅಂತ ಆ ರೋಡಲ್ಲಿ ಓಡಿಸಿದವರಿಗೆ ಹೇಳಬೇಕಾಗಿಲ್ಲ. ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದ ಹಾಗೆ. ಅದಕ್ಕೇ ಬಂಪರ್ ಕೆಳಗೆ ಎರಡು ಹಳದಿ ಫಾಗ್ ಲೈಟ್ ಕೇಳಿದೆ. 55 ವ್ಯಾಟ್‌ನವು, ಅಷ್ಟೇ. ಕ್ಯಾಬಿನ್ ಮೇಲೆ ಎಲ್‌ಇಡಿ ಬಾರ್ ಹಾಕಿಸಿ ಅಂತ ಅವರೇ ಪೀಡಿಸಿದರು. ಬೇಡ ಅಂದೆ. ಕಣ್ಣು ಕುಕ್ಕುವ ಲೈಟ್‌ಗಳ ಮೇಲೆ ನಮ್ಮ ರಾಜ್ಯದ ಪೊಲೀಸರು 2024ರ ಜುಲೈಯಿಂದ ಕೇಸು ಹಾಕುತ್ತಿದ್ದಾರೆ, ಎದುರು ಬರುವವನೂ ಮನುಷ್ಯನೇ ಅಲ್ವಾ.

ಕೆಲಸ ಶುರು ಮಾಡುವ ಮೊದಲೇ ಕೇಳಿದ್ದೆ. "ರಿಲೇ ಹಾಕ್ತೀರಲ್ವಾ? ಬ್ಯಾಟರಿಯಿಂದ ಬೇರೆ ಲೈನ್ ಎಳೀತೀರಲ್ವಾ?" ರಿಲೇ ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಆನ್ ಆಗಿ, ಲೈಟಿಗೆ ಬೇಕಾದ ದೊಡ್ಡ ಕರೆಂಟನ್ನು ಬ್ಯಾಟರಿಯಿಂದ ನೇರ ಬಿಡುವ ಸಣ್ಣ ಡಬ್ಬಿ. ಎರಡು ಲೈಟ್ ಸೇರಿ 110 ವ್ಯಾಟ್. 12 ವೋಲ್ಟ್‌ಗೆ ಒಂಬತ್ತು ಆಂಪ್ ಮೇಲೆ ಕರೆಂಟ್ ಎಳೆಯುತ್ತದೆ. ಗಾಡಿಯ ಪಾರ್ಕಿಂಗ್ ಲೈಟ್ ವೈರು ಐದು ವ್ಯಾಟ್‌ನ ಸಣ್ಣ ಬಲ್ಬುಗಳಿಗೆ ಅಂತ ಇರುವುದು, ಅದು ಇಷ್ಟನ್ನು ತಡೆಯುವುದಿಲ್ಲ. ಇದು ಡ್ರೈವರ್‌ಗಳಿಗೆಲ್ಲ ಗೊತ್ತಿರುವ ವಿಷಯ. ಅಂಗಡಿಯವರು ಏನಂದರು ಗೊತ್ತಾ? "ರಿಲೇ ಇಲ್ದೆ ನಾವು ಕೆಲಸಾನೇ ಮುಟ್ಟಲ್ಲ ಅಣ್ಣ. ನೀವು ಟೀ ಕುಡ್ಕೊಂಡು ಬನ್ನಿ."

ಟೀ ಕುಡಿದು ಬಂದೆ. ಬಾನೆಟ್ ಎತ್ತಿ ತೋರಿಸಿದರು. ಬ್ಯಾಟರಿ ಪಕ್ಕದಲ್ಲಿ ಹೊಸ ಕಪ್ಪು ರಿಲೇ, ಬೋಲ್ಟ್ ಹಾಕಿ ಬಿಗಿದಿದ್ದರು. ಲೈಟೂ ಚೆನ್ನಾಗಿ ಉರಿಯಿತು. 6,500 ರೂಪಾಯಿ ಎಣಿಸಿ ಕೊಟ್ಟೆ.

ಆಮೇಲೆ ಒಂದು ರಾತ್ರಿ ಘಾಟಿ ಇಳಿಯುವಾಗ ಸುಟ್ಟ ವಾಸನೆ. ಕ್ಲಚ್ ಇರಬಹುದು ಅಂದುಕೊಂಡೆ. ನೋಡುತ್ತಿದ್ದಂತೆ ಸ್ಟೇರಿಂಗ್ ಕೆಳಗಿಂದ ಹೊಗೆ. ಫಾಗ್ ಲೈಟ್ ಹೋಯಿತು, ಮೀಟರ್ ಲೈಟ್ ಹೋಯಿತು, ಹಿಂದಿನ ಕೆಂಪು ಲೈಟ್ ಹೋಯಿತು. ಆ ಮಂಜಿನಲ್ಲಿ, ಆ ತಿರುವಿನಲ್ಲಿ, ಟೇಲ್ ಲೈಟ್ ಇಲ್ಲದೆ! ಹಿಂದೆ ಬಸ್ ಬರುತ್ತಿತ್ತು. ಕ್ಲೀನರ್ ಹುಡುಗ ಮೊಬೈಲ್ ಟಾರ್ಚ್ ಬೀಸುತ್ತಾ ಹಿಂದಕ್ಕೆ ಓಡಿದ. ನಾನು ಬ್ಯಾಟರಿ ಟರ್ಮಿನಲ್ ಕಿತ್ತೆ. ಬಸ್ಸಿನ ಡ್ರೈವರ್ ನಿಧಾನಕ್ಕೆ ಬರುತ್ತಿದ್ದ, ಬದುಕಿದೆವು.

ಮಾರನೇ ದಿನ ಉಜಿರೆಯಲ್ಲಿ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿದೆ. ಆತ ರಿಲೇ ಬಿಚ್ಚಿ ತಿರುಗಿಸಿದರು. 30, 85, 86, 87 ಅಂತ ನಾಲ್ಕು ಪಿನ್ ಇರುತ್ತವಲ್ಲ, ನಾಲ್ಕೂ ಹೊಳೆಯುತ್ತಿದ್ದವು. ಒಂದಕ್ಕೂ ವೈರ್ ಇಲ್ಲ. ಒಂದು ತುಂಡು ವೈರನ್ನು ಕೆಳಗೆ ಸುತ್ತಿ ಟೇಪ್ ಹೊಡೆದಿದ್ದಾರೆ ಅಷ್ಟೇ, ಅದು ಎಲ್ಲಿಗೂ ಹೋಗುವುದಿಲ್ಲ! "ಎಂತ ಮಾರಾಯ್ರೇ ಇದು, ನೋಡ್ಲಿಕ್ಕೆ ಇಟ್ಟದ್ದಾ?" ಅಂತ ನಕ್ಕರು. ಅಲ್ಲಿ ನಿಂತಿದ್ದವರೂ ನಕ್ಕರು. ನನಗೆ ಎಲ್ಲಿ ಮುಖ ಇಡಬೇಕು ಅಂತ ಗೊತ್ತಾಗಲಿಲ್ಲ. ಕೇಳಿ ಕೇಳಿ ಹಾಕಿಸಿದ ರಿಲೇ ಅದು!

ಫಾಗ್ ಲೈಟನ್ನು ಪಾರ್ಕಿಂಗ್ ಲೈಟ್ ವೈರಿಗೇ ಸುತ್ತಿ ಟೇಪ್ ಹಾಕಿದ್ದರು. 10 ಆಂಪ್ ಫ್ಯೂಸ್ ಹಾರಿರಬೇಕು, ಆ ಜಾಗಕ್ಕೆ 30 ಆಂಪ್ ಫ್ಯೂಸ್ ತುರುಕಿದ್ದರು. ಫ್ಯೂಸ್ ಹೋಗಬೇಕಾದ ಕಡೆ ವೈರೇ ಕರಗಿತು.

ಅಂಗಡಿಗೆ ಫೋನ್ ಮಾಡಿದೆ. ಮೊದಲು "ಮಳೆ ನೀರು ಹೋಗಿರುತ್ತೆ ಅಣ್ಣ". ಆಮೇಲೆ "ನೀವು ತುಂಬಾ ಹೊತ್ತು ಉರಿಸಿರ್ತೀರಿ". ಫಾಗ್ ಲೈಟ್ ಇರುವುದೇ ಉರಿಸಲಿಕ್ಕೆ ಅಲ್ವೇನ್ರೀ? ರಿಲೇ ಫೋಟೋ ಕಳಿಸಿದೆ. ಬಂದ ಉತ್ತರ ಹಾಗೇ ಬರೆಯುತ್ತೇನೆ: "ರಿಲೇ ಹಾಕ್ತೀವಿ ಅಂದಿದ್ವಿ, ಹಾಕಿದೀವಿ. ಗಾಡೀಲಿ ಇದೆಯಲ್ಲ." ಇನ್ನೊಂದು ಸಲ ಓದಿ. ಗಾಡೀಲಿ ಇದೆಯಲ್ಲ ಅಂತೆ! ಅದಾದ ಮೇಲೆ ಕೈ ಮುಗಿದ ಚಿತ್ರ ಒಂದು ಕಳಿಸಿದರು. ಈಗ ಫೋನೇ ಎತ್ತುವುದಿಲ್ಲ. ಸರ್ವಿಸ್ ಸೆಂಟರ್‌ನವರು "ಹೊರಗಡೆ ವೈರ್ ಕತ್ತರಿಸಿದ್ದೀರಿ, ವಾರಂಟಿ ಬರಲ್ಲ" ಅಂತ ಕೈತೊಳೆದುಕೊಂಡರು. ಡ್ಯಾಶ್‌ಬೋರ್ಡ್ ಒಳಗಿನ ವೈರಿಂಗ್‌ಗೆ ಲೈಟಿಗಿಂತ ಜಾಸ್ತಿ ದುಡ್ಡು ಕೈಬಿಟ್ಟಿತು.

ನೀವು ಹಾಕಿಸಿದರೆ ಅಲ್ಲೇ ನಿಂತು ಹಾಕಿಸಿ. ಟೀ ಆಮೇಲೆ ಕುಡಿಯಬಹುದು. ಲೈಟ್ ಉರಿಯುತ್ತಿರುವಾಗ ರಿಲೇ ಕೀಳಿ ಅಂತ ಹೇಳಿ. ಆಗಲೂ ಲೈಟ್ ಉರಿಯುತ್ತಿದ್ದರೆ ನಿಮ್ಮದೂ ಶೋಕಿ ರಿಲೇ. ಬ್ಯಾಟರಿಯಿಂದ ಹೊರಟ ಕೆಂಪು ವೈರಿಗೆ ಬ್ಯಾಟರಿ ಹತ್ತಿರವೇ 15 ಆಂಪ್ ಫ್ಯೂಸ್ ಇರಬೇಕು. ಇಲ್ಲದಿದ್ದರೆ ದುಡ್ಡು ಕೊಡಬೇಡಿ. ಈಗಾಗಲೇ ಹಾಕಿಸಿರುವವರೂ ಒಮ್ಮೆ ಬಾನೆಟ್ ಎತ್ತಿ ನೋಡಿ.

ಬಿಲ್ ನನ್ನ ಹತ್ತಿರ ಇದೆ. "ರಿಲೇ ವೈರಿಂಗ್ ಕಿಟ್" ಅಂತ ಅವರ ಕೈಯಲ್ಲೇ ಬರೆದಿದ್ದಾರೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಅರ್ಜಿ ಬರೆಸುತ್ತಿದ್ದೇನೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಫೀಸ್ ಇಲ್ಲ. ಸುಟ್ಟ ವೈರು, 30 ಆಂಪ್ ಫ್ಯೂಸು, ಆ ಹೊಸ ರಿಲೇ ಎಲ್ಲವನ್ನೂ ಒಂದು ಕವರಿನಲ್ಲಿ ಕಟ್ಟಿಟ್ಟಿದ್ದೇನೆ.