ಲಾಕ್ ಹಾಕಿದ್ದ ಸೈಕಲ್ಲೇ ಹೋಯಿತು, ನಿಮ್ಮ ಮಕ್ಕಳದು ಹೋಗದಿರಲಿ

ಮಕ್ಕಳಿಗೆ ಸೈಕಲ್ ಕೊಡಿಸಿದ್ದೀರಾ? ಹಿಂದಿನ ಚಕ್ರದ ಮೇಲೆ ಕೂತಿರುವ ದುಂಡನೆಯ ಲಾಕ್ ಇರುತ್ತದಲ್ಲ, ಅದೊಂದನ್ನೇ ನಂಬಿ ಸೈಕಲ್ಲನ್ನು ಹೊರಗೆ ಬಿಡಬೇಡಿ. ನನ್ನ ಸೈಕಲ್ ಕಳುವಾದಾಗ ಆ ಲಾಕ್ ಹಾಕಿಯೇ ಇತ್ತು. ಕೀ ನನ್ನ ಚಡ್ಡಿ ಜೇಬಿನಲ್ಲಿತ್ತು.

ನಾನಾಗ ಐದನೇ ತರಗತಿ. ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಬಿದ್ದು ಎದ್ದು ಕಲಿತವನಿಗೆ ನನ್ನದೇ ಅಳತೆಯ ಕೆಂಪು ಸೈಕಲ್ ಸಿಕ್ಕಿತ್ತು. ಕೇಳಬೇಕಾ? ರಜಾ ದಿನ ಬಂತೆಂದರೆ ಹಳೇ ಬನಿಯನ್ ತುಂಡು ಹಿಡಿದು ಕಡ್ಡಿಗಳನ್ನು ಒಂದೊಂದಾಗಿ ಒರೆಸುತ್ತಿದ್ದೆ. ಚೈನಿಗೆ ಎಣ್ಣೆ ಬಿಟ್ಟು ಪೆಡಲ್ಲನ್ನು ಹಿಂದಕ್ಕೆ ಸುಮ್ನೆ ತಿರುಗಿಸುತ್ತಾ ಕೂರುತ್ತಿದ್ದೆ, ಆ ಟಿಕ್ ಟಿಕ್ ಸದ್ದು ಕೇಳೋದಕ್ಕೆ. ಮುಂದಿನ ಮಡ್‌ಗಾರ್ಡಿನ ಎಡಗಡೆ ಗೇಟಿಗೆ ಗುದ್ದಿ ಆಗಿದ್ದ ಒಂದು ತಗ್ಗು ಇತ್ತು. ಬೆಲ್ಲಿನ ಮುಚ್ಚಳ ಸಡಿಲವಾಗಿತ್ತು, ರಸ್ತೆ ಸರಿ ಇಲ್ಲದ ಕಡೆ ಯಾರೂ ಒತ್ತದೆ ತಾನೇ ಟಿಣ್ ಅನ್ನುತ್ತಿತ್ತು. ಈ ಎರಡು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಒಂದು ಸಂಜೆ ಗ್ರಂಥಾಲಯದ ಮುಂದೆ ನಿಲ್ಲಿಸಿ ಒಳಗೆ ಹೋದೆ. ಹೊರಗೆ ಬಂದಾಗ ಸಾಲಿನಲ್ಲಿ ಒಂದು ಸೈಕಲ್ ನಿಲ್ಲುವಷ್ಟು ಜಾಗ ಖಾಲಿ. ಯಾರೋ ಪಕ್ಕಕ್ಕೆ ಸರಿಸಿರಬೇಕು ಅಂದುಕೊಂಡು ಸಾಲು ಪೂರ್ತಿ ಹುಡುಕಿದೆ. ಅಲ್ಲೇ ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು, "ಕೆಂಪು ಸೈಕಲ್ಲಾ ಮರಿ? ನಿಮ್ಮಣ್ಣ ತಗೊಂಡು ಹೋದ್ನಲ್ಲ. ಕೀ ಕಳೆದುಹೋಗಿದೆ ಅಂದ. ಪಾಪ, ಎತ್ತೋಕೆ ಕಷ್ಟಪಡ್ತಿದ್ದ, ನಾನೇ ಒಂದು ಕೈ ಹಾಕ್ದೆ" ಅಂದರು.

ನನಗೆ ಅಣ್ಣನೇ ಇಲ್ಲ.

ಆ ಹಿರಿಯರ ಮೇಲೆ ನನಗೆ ಆವತ್ತೂ ಸಿಟ್ಟು ಬರಲಿಲ್ಲ. ಲಾಕ್ ಆದ ಸೈಕಲ್ಲಿನ ಹಿಂಭಾಗ ಎತ್ತಿಕೊಂಡು, ಮುಂದಿನ ಚಕ್ರ ಉರುಳಿಸುತ್ತಾ ಹೋಗುವವನನ್ನು ಕಂಡರೆ ನಮಗೂ ಅನ್ನಿಸುವುದು ಅದೇ ಅಲ್ವಾ? ಪಾಪ, ಕೀ ಕಳಕೊಂಡಿದ್ದಾನೆ. ಕಳ್ಳ ಓಡುತ್ತಾನೆ, ಹೆದರುತ್ತಾನೆ, ಕತ್ತಲಲ್ಲಿ ಬರುತ್ತಾನೆ ಅಂತ ನಮ್ಮ ಲೆಕ್ಕ. ಇವನು ಹಾಡಹಗಲೇ ಬಂದ, ಬೆವರು ಒರೆಸಿಕೊಂಡ, ಸಹಾಯವನ್ನೂ ಕೇಳಿ ಪಡೆದ.

ಆ ಲಾಕ್ ಮಾಡುವ ಕೆಲಸ ಇಷ್ಟೇ. ಒಂದು ಸರಳು ಕಡ್ಡಿಗಳ ನಡುವೆ ತೂರಿ ಚಕ್ರ ತಿರುಗದಂತೆ ತಡೆಯುತ್ತದೆ. ಹತ್ತಿ ತುಳಿದುಕೊಂಡು ಹೋಗಲು ಬಿಡುವುದಿಲ್ಲ, ಎತ್ತಿಕೊಂಡು ಹೋಗುವವನಿಗೆ ಅದು ಲೆಕ್ಕಕ್ಕೇ ಇಲ್ಲ. ಮಕ್ಕಳ ಸೈಕಲ್ ಅಂತೂ ಹಗುರ, ದೊಡ್ಡವನೊಬ್ಬ ಹೆಗಲ ಮೇಲೆ ಹಾಕಿಕೊಂಡು ನಡೆಯಬಹುದು. ಕಂಬಕ್ಕೋ ಕಂಬಿಗೋ ಸೇರಿಸಿ ಬಿಗಿಯದ ಸೈಕಲ್, ಲಾಕ್ ಹಾಕಿದ್ದರೂ ಹಾಕದ ಹಾಗೆಯೇ.

ಅಪ್ಪನ ಜೊತೆ ದೂರು ಕೊಡಲು ಹೋದೆ. ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆ, "ಫ್ರೇಮ್ ನಂಬರ್ ಎಷ್ಟು?" ಸೈಕಲ್ಲಿಗೂ ನಂಬರ್ ಇರುತ್ತದೆ ಅಂತ ನಮಗೆ ಗೊತ್ತಾದದ್ದೇ ಆವಾಗ. ಅಂಗಡಿಯವನು ಹೇಳಿರಲಿಲ್ಲ, ಕೊಟ್ಟ ಚೀಟಿಯಲ್ಲಿ ಬರೆದೂ ಇರಲಿಲ್ಲ. "ಕೆಂಪು ಸೈಕಲ್ ಅಂದರೆ ಯಾವುದು ಅಂತ ಹುಡುಕೋದು?" ಅಂದರು. ಮಾತು ಒರಟಾಗಿತ್ತು, ಆದರೆ ಸುಳ್ಳಾಗಿರಲಿಲ್ಲ.

ನಿಜವಾಗಿ ಉರಿದದ್ದು ಎಷ್ಟೋ ತಿಂಗಳ ಮೇಲೆ. ರಸ್ತೆಯಲ್ಲಿ ಹಿಂದಿನಿಂದ ಯಾರೂ ಒತ್ತದ ಟಿಣ್ ಕೇಳಿಸಿತು. ತಿರುಗಿ ನೋಡಿದರೆ ನೀಲಿ ಸೈಕಲ್, ನನಗಿಂತ ಚಿಕ್ಕ ಹುಡುಗ. ಮಡ್‌ಗಾರ್ಡಿನ ಎಡಗಡೆ ಅದೇ ತಗ್ಗು. ಪೆಡಲ್ ಹತ್ತಿರ ನೀಲಿ ಎದ್ದು ಹೋಗಿದ್ದ ಕಡೆ ಉಗುರಿನಷ್ಟು ಕೆಂಪು ಕಾಣುತ್ತಿತ್ತು. ಅಪ್ಪ ಆ ಹುಡುಗನ ಮನೆಯವರ ಹತ್ತಿರ ಮಾತಾಡಿದರು. ಅವರು ದುಡ್ಡು ಕೊಟ್ಟು ಹಳೇ ಸೈಕಲ್ ಅಂತ ಕೊಂಡಿದ್ದರು. "ನಿಮ್ಮದು ಅನ್ನೋದಕ್ಕೆ ಏನಿದೆ?" ಅಂತ ಕೇಳಿದರು. ಏನೂ ಇರಲಿಲ್ಲ. ತಗ್ಗು ಯಾವ ಸೈಕಲ್ಲಿಗೆ ಬೇಕಾದರೂ ಬೀಳುತ್ತದೆ. ಆ ಹುಡುಗ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ಅಪ್ಪ ನನ್ನನ್ನು ಕರೆದುಕೊಂಡು ಬಂದರು.

ಹಾಗಾಗಿ ಇವತ್ತೇ ಒಂದು ಕೆಲಸ ಮಾಡಿ. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ. ಎರಡು ಪೆಡಲ್ ಸೇರುವ ಅಡ್ಡ ಕೊಳವೆಯ ಅಡಿಭಾಗದಲ್ಲಿ ಸಾಮಾನ್ಯವಾಗಿ ನಂಬರ್ ಒತ್ತಿರುತ್ತಾರೆ. ಅಲ್ಲಿಲ್ಲದಿದ್ದರೆ ಸೀಟಿನ ಕೆಳಗಿನ ಕೊಳವೆ, ಹ್ಯಾಂಡಲ್ ಕೆಳಗಿನ ಕೊಳವೆ, ಹಿಂದಿನ ಚಕ್ರ ಕೂರುವ ಜಾಗ ನೋಡಿ. ಮಣ್ಣು ಒರೆಸಿ ಫೋಟೊ ತೆಗೆಯಿರಿ. ಇಡೀ ಸೈಕಲ್ಲಿನದೂ ಒಂದು, ತಗ್ಗು ಗೀರು ಇದ್ದರೆ ಅದರದೂ ಒಂದು, ಬಿಲ್ಲಿನದೂ ಒಂದು. ಲೋಹದಲ್ಲಿ ಒತ್ತಿದ ನಂಬರನ್ನು ಮೇಲೆ ಬಣ್ಣ ಬಳಿದು ಅಳಿಸಲಾಗುವುದಿಲ್ಲ. ನನ್ನದಕ್ಕೂ ನೀಲಿಯ ಅಡಿಯಲ್ಲಿ ಅದು ಇದ್ದೇ ಇದ್ದಿರಬೇಕು.

ಇನ್ನು ಲಾಕ್. ಕೇಬಲ್ ಲಾಕ್ ನೋಡಲು ದಪ್ಪ, ಮೇಲಿರುವುದು ಪ್ಲಾಸ್ಟಿಕ್, ಒಳಗಿರುವುದು ಸಣ್ಣ ತಂತಿಗಳ ಹುರಿ. ಸರಿಯಾದ ಕಟರ್ ಇದ್ದರೆ ಕತ್ತರಿಸಲು ಕ್ಷಣ ಸಾಕು. ಯು ಆಕಾರದ ಗಟ್ಟಿ ಉಕ್ಕಿನ ಲಾಕ್ ವಾಸಿ. ಅದನ್ನು ಫ್ರೇಮು, ಹಿಂದಿನ ಚಕ್ರ, ಕಂಬ ಮೂರನ್ನೂ ಹಿಡಿಯುವಂತೆ ಹಾಕಿ. ಮುಂದಿನ ಚಕ್ರವೊಂದಕ್ಕೇ ಹಾಕಿದರೆ ಆ ಚಕ್ರವನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೋಗುತ್ತದೆ. ನಟ್ಟಿನ ಬದಲು ಕೈಯಲ್ಲೇ ಬಿಚ್ಚುವ ಹಿಡಿ ಇರುವ ಚಕ್ರವಾದರಂತೂ ಪಾನಾ ಕೂಡ ಬೇಡ. ಕಂಬವನ್ನೂ ಒಮ್ಮೆ ಅಲ್ಲಾಡಿಸಿ ನೋಡಿ. ಗಿಡ್ಡ ಕಂಬವಾದರೆ ಲಾಕ್ ಸಮೇತ ಮೇಲಕ್ಕೆ ಎತ್ತಿ ಕಳಚಿಬಿಡುತ್ತಾರೆ. ದುಬಾರಿ ಲಾಕ್ ಅಂತ ಮೈಮರೆಯುವಂತೆಯೂ ಇಲ್ಲ. 2004ರಲ್ಲಿ ಹೆಸರುವಾಸಿ ಯು-ಲಾಕ್‌ಗಳನ್ನೇ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ತೂರಿಸಿ ತೆಗೆದು ತೋರಿಸಿದ್ದರು. ಕೊಳವೆಯಂಥ ದುಂಡನೆಯ ಕೀ ಇದ್ದ ಲಾಕ್‌ಗಳವು. ಕಂಪನಿ ಕೊನೆಗೆ ಅವನ್ನು ಬದಲಾಯಿಸಿ ಕೊಡಬೇಕಾಯಿತು. ಅಂಥ ಹಳೇ ಲಾಕ್ ಮನೆಯಲ್ಲಿ ಬಿದ್ದಿದ್ದರೆ ಮಕ್ಕಳ ಕೈಗೆ ಕೊಡಬೇಡಿ.

ಈಗ ಸೀಟಿನ ಅಡಿ ಬಚ್ಚಿಡುವ ಬ್ಲೂಟೂತ್ ಟ್ರ್ಯಾಕರ್‌ಗಳು ಬಂದಿವೆ. ಇದ್ದರೆ ಒಳ್ಳೆಯದೇ. ಆದರೆ ಅವು ಸುತ್ತಮುತ್ತ ಇರುವವರ ಫೋನುಗಳ ಮೂಲಕವೇ ಜಾಗ ತಿಳಿಸುವುದು, ಫೋನಿಲ್ಲದ ಕಡೆ ಸುಮ್ಮನಾಗುತ್ತವೆ. ಜೊತೆಗೆ ಅಪರಿಚಿತ ಟ್ರ್ಯಾಕರ್ ಹಿಂಬಾಲಿಸುತ್ತಿದೆ ಅಂತ ಕಳ್ಳನ ಫೋನಿಗೇ ಸೂಚನೆ ಹೋಗುವುದೂ ಉಂಟು. ಜಾಗ ಗೊತ್ತಾಯಿತು ಅಂತ ಒಬ್ಬರೇ ನುಗ್ಗಬೇಡಿ, ಪೊಲೀಸರನ್ನು ಕರೆದುಕೊಂಡೇ ಹೋಗಿ.

ಹಳೇ ಸೈಕಲ್ ಕೊಳ್ಳುವವರಿಗೂ ಇದೇ ಮಾತು. ಆ ಹುಡುಗನ ಮನೆಯವರೂ ಮೋಸ ಹೋದವರೇ. ಬಿಲ್ ಕೇಳಿ, ತಲೆಕೆಳಗು ಮಾಡಿ ನಂಬರ್ ನೋಡಿ. ಆ ಜಾಗದಲ್ಲಿ ಅರದಿಂದ ಉಜ್ಜಿದ ಗುರುತಿದ್ದರೆ, ಅಥವಾ ಅಲ್ಲಿ ಮಾತ್ರ ಹೊಸ ಬಣ್ಣ ದಪ್ಪವಾಗಿ ಬಳಿದಿದ್ದರೆ, ಎಷ್ಟೇ ಅಗ್ಗಕ್ಕೆ ಕೊಡುತ್ತೇನೆ ಅಂದರೂ ಬೇಡ ಅಂದು ಬನ್ನಿ.