ಕೊನೆಯ ರಾತ್ರಿವರೆಗೂ ಕಾಯಿಸಿದ ಲೀಗ್: ಐಸ್‌ಲ್ಯಾಂಡ್ ಫುಟ್‌ಬಾಲ್ 2024

2024ರಲ್ಲಿ ಯುರೋಪಿನ ಎಷ್ಟೋ ಲೀಗ್‌ಗಳು ನಡೆದವು. ನನಗೆ ಅತಿ ಹೆಚ್ಚು ಹಿಡಿಸಿದ್ದು ಐಸ್‌ಲ್ಯಾಂಡಿನದು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಯಾಕೆ ಹೋಯಿತು ಅಂತ ಮುಂದೆ ಹೇಳುತ್ತೇನೆ.

ನಾಲ್ಕು ಲಕ್ಷಕ್ಕೂ ಕಡಿಮೆ ಜನ ಇರುವ ದೇಶ ಅದು. ಲೀಗ್ ಹೆಸರು ಬೆಸ್ಟಾ ಡೇಲ್ಡ್. ಚಳಿಗಾಲದಲ್ಲಿ ಅಲ್ಲಿ ಹೊರಗಡೆ ಆಡೋದು ಕಷ್ಟ, ಹಾಗಾಗಿ ಸೀಸನ್ ಏಪ್ರಿಲ್‌ನಲ್ಲಿ ಶುರುವಾಗಿ ಅಕ್ಟೋಬರ್‌ನಲ್ಲಿ ಮುಗಿಯುತ್ತದೆ. ಒಟ್ಟು 12 ತಂಡ. ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ ಆಡಿದರೆ 22 ಪಂದ್ಯ. ಅಲ್ಲಿಗೆ ಮುಗಿಯಲ್ಲ. ಆಮೇಲೆ ಪಟ್ಟಿಯನ್ನು ಎರಡು ಹೋಳು ಮಾಡುತ್ತಾರೆ. ಮೇಲಿನ ಆರು ತಂಡ ಒಂದು ಕಡೆ, ಕೆಳಗಿನ ಆರು ಇನ್ನೊಂದು ಕಡೆ, ಮತ್ತೆ ಐದೈದು ಪಂದ್ಯ. ಅಲ್ಲಿವರೆಗೆ ಗಳಿಸಿದ ಪಾಯಿಂಟ್ ಹಾಗೇ ಉಳಿಯುತ್ತದೆ. ಈ ಪದ್ಧತಿ 2022ರಿಂದ ಇದೆ. ಇದು ಸುಮ್ನೆ ಪಂದ್ಯಗಳ ಸಂಖ್ಯೆ ಜಾಸ್ತಿ ಮಾಡುವ ಉಪಾಯ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪಲ್ಲ. ಮೇಲಿನ ಆರು ತಂಡಗಳು ಕೊನೆಯ ವಾರಗಳಲ್ಲಿ ಪರಸ್ಪರ ಆಡಲೇಬೇಕಾದ್ದರಿಂದ ಮೊದಲ ಸ್ಥಾನಕ್ಕೆ ಸೆಣಸುವ ಇಬ್ಬರು ಮುಖಾಮುಖಿ ಆಗದೆ ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ, ಮತ್ತು 2024ರಲ್ಲಿ ಆ ಮುಖಾಮುಖಿ ಸರಿಯಾಗಿ ಕೊನೆಯ ದಿನವೇ ಬಂತು.

ಇಬ್ಬರು ಅಂದರೆ ವೀಕಿಂಗುರ್ ಮತ್ತು ಬ್ರೇಡಾಬ್ಲಿಕ್. ವೀಕಿಂಗುರ್ ರಾಜಧಾನಿ ರೇಕ್ಯಾವಿಕ್‌ನದು. ಬ್ರೇಡಾಬ್ಲಿಕ್ ಪಕ್ಕದ ಕೋಪಾವೋಗುರ್‌ನದು. ವೀಕಿಂಗುರ್ ಹಿಂದಿನ ವರ್ಷ, ಅಂದರೆ 2023ರಲ್ಲಿ, ಲೀಗ್ ಮತ್ತು ಕಪ್ (ಸೋತವರು ಹೊರಬೀಳುವ ದೇಶೀಯ ಟೂರ್ನಿ) ಎರಡನ್ನೂ ಗೆದ್ದಿತ್ತು. ಕೋಚ್ ಅರ್ನಾರ್ ಗುನ್‌ಲೌಗ್ಸನ್ ಅಲ್ಲಿ ಹಲವು ವರ್ಷದಿಂದ ಇದ್ದವರು. ಬ್ರೇಡಾಬ್ಲಿಕ್‌ನಲ್ಲಿ ಹಾಲ್ಡೋರ್ ಆರ್ನಾಸನ್‌ಗೆ ಮುಖ್ಯ ಕೋಚ್ ಆಗಿ ಅದೇ ಮೊದಲ ಪೂರ್ತಿ ಸೀಸನ್.

ಅಕ್ಟೋಬರ್ 19ರಿಂದ 27ರವರೆಗಿನ ಒಂಬತ್ತು ದಿನ ನೋಡಿದರೆ ಸಾಕು, ಈ ಲೀಗ್ ಏನು ಅಂತ ಗೊತ್ತಾಗುತ್ತದೆ.

19ರಂದು ವೀಕಿಂಗುರ್ ಅಕ್ರಾನೆಸ್ ಊರಿಗೆ ಹೋಗಿ ಐಎ ತಂಡದ ಎದುರು ಆಡಿತು. ಐಎ ಆ ವರ್ಷವಷ್ಟೇ ಕೆಳಗಿನ ಡಿವಿಷನ್‌ನಿಂದ ಮೇಲೆ ಬಂದಿತ್ತು, ಆದರೂ ಮೇಲಿನ ಆರರಲ್ಲಿ ಜಾಗ ಹಿಡಿದಿತ್ತು. ಸ್ಕೋರ್ 3-3. ಹೆಚ್ಚುವರಿ ನಿಮಿಷಗಳು ನಡೆಯುತ್ತಿದ್ದಾಗ ಐಎ ಚೆಂಡನ್ನು ಗೋಲಿಗೆ ಸೇರಿಸಿತು, ರೆಫರಿ ಫೌಲ್ ಅಂತ ರದ್ದು ಮಾಡಿದರು, ಜನ ಇನ್ನೂ ಕೂಗಾಡುತ್ತಿರುವಾಗಲೇ ವೀಕಿಂಗುರ್ ಗೋಲು ಹೊಡೆದು 4-3ಕ್ಕೆ ಗೆದ್ದುಬಿಟ್ಟಿತು. ಈ ಲೀಗ್‌ನಲ್ಲಿ ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ, ಇರಲಿಲ್ಲ. ರೆಫರಿ ಕಂಡದ್ದೇ ಅಂತಿಮ. ಐಎ ಅಭಿಮಾನಿಗಳ ಸಿಟ್ಟು ನನಗೆ ಪೂರ್ತಿ ಅರ್ಥವಾಗುತ್ತದೆ. ಅದೇ ದಿನ ಬ್ರೇಡಾಬ್ಲಿಕ್ ಕೂಡ ಸ್ಟ್ಯಾರ್ನಾನ್ ತಂಡವನ್ನು 2-1ರಿಂದ ಸೋಲಿಸಿತು. ಇಬ್ಬರದ್ದೂ ಸಮ 59 ಪಾಯಿಂಟ್. ಗೋಲು ವ್ಯತ್ಯಾಸದಲ್ಲಿ (ಹೊಡೆದ ಗೋಲಿನಿಂದ ಬಿಟ್ಟುಕೊಟ್ಟದ್ದನ್ನು ಕಳೆದರೆ ಉಳಿಯೋದು) ವೀಕಿಂಗುರ್ ಮುಂದೆ. ಉಳಿದದ್ದು ಒಂದೇ ಪಂದ್ಯ, ಅದೂ ಇವರಿಬ್ಬರ ನಡುವೆ. ಡ್ರಾ ಆದರೂ ವೀಕಿಂಗುರ್‌ಗೆ ಸಾಕು, ಬ್ರೇಡಾಬ್ಲಿಕ್ ಮಾತ್ರ ಗೆಲ್ಲಲೇಬೇಕು.

ಆದರೆ ನಡುವೆ 24ನೇ ತಾರೀಕು ಇತ್ತಲ್ಲ! ಅವತ್ತು ವೀಕಿಂಗುರ್‌ಗೆ ಯುರೋಪಿನ ಕ್ಲಬ್‌ಗಳ ಮೂರನೇ ದರ್ಜೆಯ ಟೂರ್ನಿಯಾದ ಕಾನ್ಫರೆನ್ಸ್ ಲೀಗ್‌ನಲ್ಲಿ ಬೆಲ್ಜಿಯಂನ ಸರ್ಕಲ್ ಬ್ರೂಜ್ ಎದುರು ಪಂದ್ಯ. ತಮ್ಮ ಮೈದಾನ ಯುರೋಪಿನ ನಿಯಮಕ್ಕೆ ಸಾಲದು. ಹಾಗಾಗಿ ಆಡಿದ್ದು ಎಲ್ಲಿ ಗೊತ್ತಾ? ಬ್ರೇಡಾಬ್ಲಿಕ್‌ನ ಮೈದಾನದಲ್ಲಿ. ಮೂರೇ ದಿನದ ನಂತರ ಯಾರ ಜೊತೆ ಕಿರೀಟಕ್ಕೆ ಹೋರಾಡಬೇಕೋ ಅವರದೇ ಅಂಗಳ. ಅಲ್ಲಿಯೂ ಫ್ಲಡ್‌ಲೈಟ್ ಸಾಲದ ಕಾರಣ ಕೆಲಸದ ದಿನ ಮಧ್ಯಾಹ್ನ ಎರಡೂವರೆಗೆ ಪಂದ್ಯ ಇಟ್ಟರು. ವೀಕಿಂಗುರ್ 3-1ರಿಂದ ಗೆದ್ದಿತು. ಯುರೋಪಿನ ಟೂರ್ನಿಯ ಮುಖ್ಯ ಹಂತದಲ್ಲಿ ಐಸ್‌ಲ್ಯಾಂಡಿನ ಪುರುಷರ ಕ್ಲಬ್ ಒಂದಕ್ಕೆ ಅದೇ ಮೊದಲ ಗೆಲುವು.

27ರ ರಾತ್ರಿ ವೀಕಿಂಗುರ್‌ನ ಪುಟ್ಟ ಮೈದಾನದಲ್ಲಿ ಕೊನೆಯ ಪಂದ್ಯ. ಬ್ರೇಡಾಬ್ಲಿಕ್ 3, ವೀಕಿಂಗುರ್ 0. ಈಸಾಕ್ ಸ್ನೇರ್ ಥೋರ್ವಾಲ್ಡ್ಸನ್ ಎರಡು ಗೋಲು, ಅರೋನ್ ಬ್ಯಾರ್ನಾಸನ್ ಒಂದು. ಡ್ರಾ ಸಾಕಾಗಿದ್ದ ತಂಡ ತನ್ನ ಮನೆಯಲ್ಲೇ ಒಂದು ಗೋಲೂ ಹೊಡೆಯದೆ ಸೋತಿತು, ಎದುರಾಳಿ ಅಲ್ಲೇ ಟ್ರೋಫಿ ಎತ್ತಿತು. 2010 ಮತ್ತು 2022ರ ನಂತರ ಬ್ರೇಡಾಬ್ಲಿಕ್‌ಗೆ ಇದು ಮೂರನೇ ಲೀಗ್ ಕಿರೀಟ. ನಾಯಕ ಹೋಸ್ಕುಲ್ದುರ್ ಗುನ್‌ಲೌಗ್ಸನ್ ವರ್ಷದ ಆಟಗಾರ ಕೂಡ ಆದರು. ಅದಕ್ಕೆ ಅವರು ಪೂರ್ತಿ ಅರ್ಹರು.

ವೀಕಿಂಗುರ್ ಯಾಕೆ ಸೋತಿತು? ಕಾಲು ಸುಸ್ತಾಗಿತ್ತು ಅನ್ನೋದು ನನ್ನ ಲೆಕ್ಕ. ಜುಲೈನಲ್ಲಿ ಅವರು ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಐರ್ಲೆಂಡಿನ ಶ್ಯಾಮ್‌ರಾಕ್ ರೋವರ್ಸ್‌ಗೆ ಸೋತು ಹೊರಬಿದ್ದರು. ಅಲ್ಲಿಂದ ಕಾನ್ಫರೆನ್ಸ್ ಲೀಗ್ ದಾರಿ ಹಿಡಿದರು. ಅಲ್ಬೇನಿಯಾದ ಎಗ್ನಾಟಿಯಾ, ಎಸ್ಟೋನಿಯಾದ ಫ್ಲೋರಾ, ಅಂಡೋರಾದ ಸಾಂಟಾ ಕೊಲೋಮಾ ಅಂತ ಒಬ್ಬೊಬ್ಬರನ್ನೇ ದಾಟಿ ಮುಖ್ಯ ಹಂತ ತಲುಪಿದರು. ಸೆಪ್ಟೆಂಬರ್‌ನಲ್ಲಿ ಕಪ್ ಫೈನಲ್ ಬೇರೆ. 2019ರಿಂದ ಆ ಕಪ್ ವೀಕಿಂಗುರ್ ಬಿಟ್ಟು ಬೇರೆ ಯಾರಿಗೂ ಸಿಕ್ಕಿರಲಿಲ್ಲ. ಅದರಲ್ಲೂ ಉತ್ತರದ ಅಕುರೇರಿ ಊರಿನ ಕೆಎ 2-0ರಿಂದ ಗೆದ್ದು, ತನ್ನ ಚರಿತ್ರೆಯ ಮೊದಲ ಕಪ್ ಎತ್ತಿಕೊಂಡು ಹೋಯಿತು. ಇನ್ನೊಂದು ಕಡೆ ಬ್ರೇಡಾಬ್ಲಿಕ್ ಕೊಸೊವೊದ ಡ್ರಿಟಾ ಎದುರು ಬೇಗನೇ ಸೋತು ಯುರೋಪಿನಿಂದ ಹೊರಗೆ. ಆಗ ಅದು ಬೇಸರದ ವಿಷಯವೇ. ಆದರೆ ಆಮೇಲೆ ಅವರ ಗಮನವೆಲ್ಲ ಲೀಗ್ ಮೇಲೆ ಇತ್ತು, ವಿಶ್ರಾಂತಿಗೂ ಸಮಯ ಸಿಕ್ಕಿತು. ಬ್ರೇಡಾಬ್ಲಿಕ್ ಗೆದ್ದದ್ದು ಬರೀ ಅದೃಷ್ಟದಿಂದ ಅಂತ ನಾನು ಹೇಳುತ್ತಿಲ್ಲ. ಕೊನೆಯ ದಿನ ಅವರು ಎಲ್ಲ ವಿಧದಲ್ಲೂ ಮೇಲಿದ್ದರು.

ಈಗ ಕಳೆದ ಆ ಒಂದು ಅಂಕದ ವಿಷಯ. ಮೈದಾನ! ದೇಶದ ಕ್ಲಬ್‌ಗಳು ಯುರೋಪಿನಲ್ಲಿ ಮುಂದೆ ಹೋಗುತ್ತಿವೆ, ಸೌಲಭ್ಯ ಮಾತ್ರ ಹಿಂದೆಯೇ ನಿಂತಿದೆ. ವೀಕಿಂಗುರ್ ಕಾನ್ಫರೆನ್ಸ್ ಲೀಗ್‌ನ ನಾಕೌಟ್‌ವರೆಗೆ ಹೋಯಿತು. 2025ರ ಫೆಬ್ರವರಿಯಲ್ಲಿ ಗ್ರೀಸಿನ ಪನಾತಿನೈಕೋಸ್ ಎದುರು ತಮ್ಮ 'ತವರು' ಪಂದ್ಯವನ್ನು ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಆಡಬೇಕಾಯಿತು. ಅಂಥ ಪಂದ್ಯ ನಡೆಸುವ ಮೈದಾನ ಆಗ ದೇಶದಲ್ಲೇ ಇರಲಿಲ್ಲ. ಅಲ್ಲಿ 2-1ರಿಂದ ಗೆದ್ದರು, ಅಥೆನ್ಸ್‌ನಲ್ಲಿ 2-0ಗೆ ಸೋತು ಹೊರಬಂದರು. ಕ್ಲಬ್‌ನ ಚರಿತ್ರೆಯಲ್ಲೇ ಅತಿ ದೊಡ್ಡ ಸಂಜೆಯನ್ನು ಸ್ವಂತ ಊರಿನ ಜನ ತಮ್ಮ ಊರಿನಲ್ಲಿ ನೋಡಲಾಗಲಿಲ್ಲ ಅನ್ನೋದು ನನಗೆ ನಿಜಕ್ಕೂ ನೋವಿನ ವಿಷಯ. ಇದಕ್ಕೆ ಒಂದು ಅಂಕ ಕಳೆಯದೆ ಹೇಗೆ?

ಕೆಳಗಿನ ಆರರ ಗುಂಪು ಒಟ್ಟಾರೆ ಸಪ್ಪೆ. ಅಲ್ಲಿ ಕೆಳಗೆ ಬೀಳದೆ ಉಳಿಯೋದು ಬಿಟ್ಟರೆ ಬೇರೆ ಗುರಿ ಇರಲ್ಲ. ಫಿಲ್ಕಿರ್ ಮತ್ತು ಎಚ್‌ಕೆ ಕೆಳಗಿಳಿದವು. ಪಶ್ಚಿಮದ ಈಸಾಫ್ಯೋರ್ದುರ್ ಊರಿನ ವೆಸ್ಟ್ರಿಗೆ ಮೇಲಿನ ಡಿವಿಷನ್‌ನಲ್ಲಿ ಅದು ಮೊದಲ ವರ್ಷ, ಕಷ್ಟಪಟ್ಟು ಉಳಿದುಕೊಂಡಿತು.

ಆ ಸಪ್ಪೆ ಗುಂಪಿನಲ್ಲೂ ಒಬ್ಬ ಹುಡುಗ ಹೊಳೆದ. ಹೆಸರು ಬೆನೋನಿ ಬ್ರೆಕಿ ಆಂಡ್ರೆಸನ್, ವಯಸ್ಸು 19, ತಂಡ ಕೆಆರ್. ದೇಶದಲ್ಲೇ ಅತಿ ಹೆಚ್ಚು ಸಲ, ಅಂದರೆ 27 ಸಲ, ಲೀಗ್ ಗೆದ್ದ ಕ್ಲಬ್ ಕೆಆರ್. ಆದರೆ 2024 ಅವರಿಗೆ ಕೆಟ್ಟ ವರ್ಷ. ಮಧ್ಯದಲ್ಲೇ ಕೋಚ್ ಬದಲಾದರು, 2022ರಲ್ಲಿ ಬ್ರೇಡಾಬ್ಲಿಕ್‌ಗೆ ಕಿರೀಟ ತಂದಿದ್ದ ಓಸ್ಕರ್ ಹ್ರಾಪ್ನ್ ಥೋರ್ವಾಲ್ಡ್ಸನ್ ಆಗಸ್ಟ್‌ನಲ್ಲಿ ಹೊಣೆ ಹೊತ್ತರು. ಒಂದು ಸೀಸನ್‌ನಲ್ಲಿ 19 ಗೋಲು ಅನ್ನೋದು ಅಲ್ಲಿ 1978ರಿಂದ ಉಳಿದುಕೊಂಡಿದ್ದ ದಾಖಲೆ. ಹಲವರು ಅದನ್ನು ಮುಟ್ಟಿದ್ದರು, ದಾಟಿದವರು ಒಬ್ಬರೂ ಇಲ್ಲ. ಕೊನೆಯ ಪಂದ್ಯದಲ್ಲಿ ಕೆಆರ್ ಎಚ್‌ಕೆಯನ್ನು 7-0ರಿಂದ ಬಡಿಯಿತು. ಅದರಲ್ಲಿ ಐದು ಗೋಲು ಬೆನೋನಿಯದು! ಒಟ್ಟು 21. ಸ್ವಲ್ಪ ದಿನಕ್ಕೇ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಕೌಂಟಿ ಅವನನ್ನು ಕರೆದುಕೊಂಡಿತು. ಒಳ್ಳೆಯ ಆಟಗಾರರು ಹೀಗೆ ಬೇಗ ಹೊರಟುಹೋಗೋದು ಇಂಥ ಲೀಗ್‌ಗೆ ತಪ್ಪಿದ್ದಲ್ಲ.

ವಾಪಸ್ ಬರುವವರೂ ಇದ್ದಾರೆ. ಪ್ರೀಮಿಯರ್ ಲೀಗ್‌ನಲ್ಲಿ ವರ್ಷಗಟ್ಟಲೆ ಆಡಿದ ಗಿಲ್ಫಿ ಸಿಗುರ್ಡ್ಸನ್ ಆ ವರ್ಷ ವಾಲುರ್ ಪರ ಆಡಿದರು. ವಾಲುರ್ ಮೂರನೇ ಸ್ಥಾನದಲ್ಲಿ ಮುಗಿಸಿತು. ಮುಂದಿನ ವರ್ಷ ಅವರು ವೀಕಿಂಗುರ್ ಸೇರಿ ಲೀಗ್ ಗೆದ್ದರು.

ಆಟದ ಮಟ್ಟ ಹೇಗೆ ಅಂತ ಕೇಳಿದರೆ, ದೊಡ್ಡ ಲೀಗ್‌ಗಳ ನಯ ಇಲ್ಲಿ ಹುಡುಕಬೇಡಿ. ಪಾಸ್ ತಪ್ಪುತ್ತವೆ, ಡಿಫೆನ್ಸ್ ಬಾಗಿಲು ತೆರೆದಿಟ್ಟ ಹಾಗೆ ಕಾಣುವ ದಿನಗಳಿವೆ. ಅದಕ್ಕೇ ಗೋಲು ಜಾಸ್ತಿ. ಪಂದ್ಯ ನಿಲ್ಲೋದು ಕಡಿಮೆ, ಆಟ ಹರಿಯುತ್ತಲೇ ಇರುತ್ತದೆ. ಜೂನ್‌ನಲ್ಲಿ ಸಂಜೆ ಏಳೂಕಾಲಿಗೆ ಶುರುವಾದ ಪಂದ್ಯ ಮುಗಿದಾಗಲೂ ಇನ್ನೂ ಬೆಳಕು ಇರುತ್ತದೆ. ಅದನ್ನು ನೋಡೋದೇ ಒಂದು ಖುಷಿ. ಲೀಗ್‌ನಲ್ಲಿ ಯಾರು ಗೆಲ್ಲುತ್ತಾರೆ ಅಂತ ಸೆಪ್ಟೆಂಬರ್‌ನಲ್ಲೇ ಗೊತ್ತಾಗೋದು ನಿಮಗೆ ಬೇಸರ ತರಿಸಿದ್ದರೆ ಇದು ನಿಮಗಾಗಿಯೇ ಇದೆ. ವಿಎಆರ್ ಇಲ್ಲದ ತೀರ್ಪು ಸಹಿಸಲು ಆಗಲ್ಲ ಅನ್ನುವವರು ಮಾತ್ರ ಅಕ್ರಾನೆಸ್ ಪಂದ್ಯದಿಂದ ದೂರ ಇರಿ.

ಹಳೆಯ ಪಂದ್ಯ ನೋಡಲು ಸಿಕ್ಕರೆ ಮೊದಲು ಅಕ್ರಾನೆಸ್‌ನ ಆ 4-3 ನೋಡಿ, ಆಮೇಲೆ ಸರ್ಕಲ್ ಬ್ರೂಜ್, ಅದಾದ ಮೇಲೆ ಕೊನೆಯ ರಾತ್ರಿ. ಇದೇ ಕ್ರಮದಲ್ಲಿ. ಕೊನೆಯದನ್ನು ಒಂದೇ ನೋಡಿದರೆ 3-0 ಸುಲಭದ ಗೆಲುವು ಅನಿಸಿಬಿಡುತ್ತದೆ, ವೀಕಿಂಗುರ್ ಅಲ್ಲಿಗೆ ಎಷ್ಟು ದಣಿದು ಬಂದಿತ್ತು ಅನ್ನೋದು ಗೊತ್ತಾಗಲ್ಲ.